ಅಗಸಿಯ ಹೊರಗಿನ ಕಲ್ಲು

ಅಮೀನಬಿ ಚಾಚಿಯನ್ನು ನಾನು ಮೊದಲು ನೋಡಿದ್ದು ಲಕ್ಷ್ಮೇಶ್ವರದ ಹಳೆಯ ಪೇಟೆಯ ಅಗಸಿಯಲ್ಲಿ. ಗದಗ ಹೊಸ ಜಿಲ್ಲೆಯಾದ ಮರುವರ್ಷದ ಮಳೆಗಾಲ ಅದು. ಅವತ್ತು ನನ್ನ ಕಾಲೇಜಿನ ಮೊದಲ ದಿನ. ದೊಡ್ಡೂರಿನಿಂದ ಅಣ್ಣನ ಹಳೆಯ ಸೈಕಲ್ ತುಳಿದುಕೊಂಡು ಬಂದಿದ್ದೆ. ಲಕ್ಷ್ಮೇಶ್ವರದಲ್ಲಿ ಸೈಕಲ್ ಬಿಟ್ಟು ಗದಗಿನ ಬಸ್ಸು ಹಿಡಿಯಬೇಕಿತ್ತು. ಚೂಡಿದಾರದ ಅಂಚಿಗೆ ಚೈನಿನ ಎಣ್ಣೆ ಹತ್ತಿತ್ತು. ಅದನ್ನು ಯಾರೂ ನೋಡದಿರಲಿ ಎಂದು ಚೀಲವನ್ನು ಮೊಣಕಾಲಿನವರೆಗೆ ಇಳಿಬಿಟ್ಟುಕೊಂಡು ನಡೆಯುತ್ತಿದ್ದೆ.

ಅಗಸಿ ಎಂದರೆ ಊರ ಬಾಗಿಲು. ಎರಡೂ ಬದಿಗೆ ದಪ್ಪ ಕಲ್ಲಿನ ಗೋಡೆ, ಮೇಲೆ ಕಮಾನು, ಒಳಗೆ ಎಡಕ್ಕೂ ಬಲಕ್ಕೂ ಹಿಂದೆ ಕಾವಲಿನವರು ಕೂರುತ್ತಿದ್ದ ಕಟ್ಟೆ, ಕಟ್ಟೆಗಳ ಹಿಂದೆ ಕಂಬಗಳ ಪಡಸಾಲೆ. ಮರದ ಕದಗಳು ಎಂದೋ ಹೋಗಿದ್ದವು. ಅವು ತಿರುಗುತ್ತಿದ್ದ ಕಲ್ಲಿನ ಕುಳಿ ಮಾತ್ರ ನೆಲದಲ್ಲಿ ಉಳಿದಿತ್ತು. ಆ ಕುಳಿಯಲ್ಲಿ ಒಂದು ಸ್ಟೀಲಿನ ತಂಬಿಗೆ ಅಳತೆ ಮಾಡಿಸಿದಂತೆ ಕೂತಿತ್ತು. ಅದರ ಪಕ್ಕದ ಕಟ್ಟೆಯ ಮೇಲೆ ಹಸಿರು ಸೀರೆಯ ಹೆಂಗಸೊಬ್ಬರು ಸೆರಗನ್ನು ತಲೆ ತುಂಬ ಹೊದ್ದು, ಮೆಂತೆ ಸೊಪ್ಪು ಸೋಸುತ್ತ ಕೂತಿದ್ದರು. ಪಡಸಾಲೆಯ ತುಂಬ ಸೈಕಲ್ಲು, ನಡುನಡುವೆ ಕೆಲವು ಮೋಟರ್ ಸೈಕಲ್ಲು. ಬಾಗಿಲಿಗೆ ಹತ್ತಿರವಿದ್ದ ಖಾಲಿ ಜಾಗದಲ್ಲಿ ನಾನು ಸೈಕಲ್ ನಿಲ್ಲಿಸಿ ಬೀಗ ಹಾಕಲು ಬಗ್ಗಿದೆ.

"ಏ ಯವ್ವಾ, ಅದು ಗೊಜನೂರ ಸಾಲು. ನೀ ಯಾ ಊರಾಕಿ?"

"ದೊಡ್ಡೂರ್ರಿ."

"ದೊಡ್ಡೂರ ಅಲ್ಲೈತಿ ನೋಡು, ಮೂಲಿ ಕಂಬದ ಕಡೆ. ಯಾರ ಮಗಳು?"

"ಸಕ್ರಪ್ಪನ ಮಗಳ್ರಿ."

"ಕಡ್ಲಿ ಬೆಳಿಯೋ ಸಕ್ರಪ್ಪಂದೋ, ಜಗಳಾ ತಗಿಯೋ ಸಕ್ರಪ್ಪಂದೋ?"

"ಎರಡೂ ಒಬ್ಬರ ರೀ," ಎಂದೆ.

ಅವರು ಮೆಂತೆ ಸೊಪ್ಪನ್ನು ಮಡಿಲಿಗೆ ಬಿಟ್ಟು ನಕ್ಕರು. ನಗುವಾಗ ಅವರ ಎಡಗಣ್ಣು ಪೂರ್ತಿ ಮುಚ್ಚಿಹೋಗುತ್ತಿತ್ತು. ನಾನು ಸೈಕಲ್ಲನ್ನು ಮೂಲೆಯ ಕಂಬದ ಬಳಿ ಒಯ್ದು ನಿಲ್ಲಿಸಿದೆ. ಬಸ್ ಸ್ಟ್ಯಾಂಡಿನ ಸೈಕಲ್ ಕಾಯುವವರು ಚೀಟಿ ಕೊಡುತ್ತಾರೆಂದು ಅಣ್ಣ ಹೇಳಿದ್ದ. ಹಾಗಾಗಿ ಚೀಟಿ ಕೇಳಿದೆ.

"ಚೀಟಿ ಕೊಟ್ರ ಕಳಕೊಂತೀ. ಊರ ಕಳಕೊಳ್ಳಾಕ ಆಗತೈತೇನು? ಹೋಗು, ಬಸ್ಸು ಬಿಡ್ತಾನ ಅಂವಾ."

ಸಂಜೆ ಬಂದಾಗ ನನ್ನ ಸೈಕಲ್ಲಿನ ಹ್ಯಾಂಡಲ್ಲಿಗೆ ಯಾರೋ ಕೆಂಪು ಚಿಂದಿಯೊಂದನ್ನು ಕಟ್ಟಿದ್ದರು. ಯಾರೋ ಚೇಷ್ಟೆಗೆ ಕಟ್ಟಿದ್ದೆಂದು ಬಿಚ್ಚಿ ಎಸೆದು ಹೊರಟೆ. ಕಮಾನು ದಾಟುವಷ್ಟರಲ್ಲಿ ಹಿಂದಿನಿಂದ ಕೂಗು ಬಂತು.

"ಚಿಂದಿ ಒಗದು ಹೊಂಟ್ಯಲ್ಲ, ಔಷಧಿ ಯಾರು ಒಯ್ಯಬೇಕು? ನಿಮ್ಮೂರ ಕಳಕಪ್ಪ ರಾತ್ರಿಯೆಲ್ಲಾ ಕೆಮ್ಮಲೇನು?"

ಅಲ್ಲಿಯ ರೀತಿ ನನಗೆ ಗೊತ್ತಾದದ್ದು ಹೀಗೆ. ಹ್ಯಾಂಡಲ್ಲಿಗೆ ಚಿಂದಿ ಕಟ್ಟಿದ್ದರೆ ಆ ಊರಿಗೆ ಒಯ್ಯುವ ಸಾಮಾನು ಚಾಚಿಯ ಹತ್ತಿರ ಇದೆ ಎಂದರ್ಥ. ಆ ಸಾಲಿನಲ್ಲಿ ಮೊದಲು ಊರಿಗೆ ಹೊರಡುವವರು ಅದನ್ನು ಒಯ್ಯಬೇಕು. ಕೆಮ್ಮಿನ ಔಷಧಿಯ ಬಾಟಲಿಯನ್ನು ಚೀಲದಲ್ಲಿ ಹೊತ್ತುಕೊಂಡು, ಕಾಲೇಜಿನ ಮೊದಲ ದಿನದ ಪುಸ್ತಕಗಳ ಮೇಲೆ ಅದು ಸೋರದಿರಲೆಂದು ಬೇಡಿಕೊಳ್ಳುತ್ತ ನಾನು ಊರು ತಲುಪಿದೆ.

ಮೂರು ವರ್ಷ ದಿನವೂ ಅವರನ್ನು ಕಂಡೆ. ಬಸ್ಸು ತಡವಾದಾಗಲೆಲ್ಲ ಅವರ ಕಟ್ಟೆಯೇ ನನ್ನ ಓದುವ ಜಾಗ. ಅವರ ಬದುಕಿನ ಸಂಗತಿಗಳು ತುಂಡುತುಂಡಾಗಿ, ಸೊಪ್ಪು ಸೋಸುವ ನಡುವೆ, ಯಾರದೋ ಸೈಕಲ್ಲಿನ ಸೀಟು ಕಚ್ಚುವ ಮೇಕೆಯನ್ನು ಓಡಿಸುವ ನಡುವೆ ನನ್ನ ಕಿವಿಗೆ ಬಿದ್ದವು.

ಅವರ ತವರು ಶಿರಹಟ್ಟಿ. ತಂದೆ ಮನೆ ಮನೆಗೆ ಹೋಗಿ ತಾಮ್ರದ ಪಾತ್ರೆಗೆ ಕಲಾಯಿ ಹಾಕುತ್ತಿದ್ದರು. ಲಗ್ನವಾಗಿ ಬಂದದ್ದು ಲಕ್ಷ್ಮೇಶ್ವರದ ನಜೀರಸಾಬರ ಮನೆಗೆ. ನಜೀರಸಾಬರದು ಟಾಂಗಾ. ಆಗ ಅಗಸಿಯ ನೆರಳಲ್ಲಿ ಟಾಂಗಾಗಳು ನಿಲ್ಲುತ್ತಿದ್ದವು. ಅಗಸಿಯ ಬಲಕ್ಕೆ ಇರುವ ಬಯಲಿನಲ್ಲಿ ಸಂತೆಯ ದಿನ ಎತ್ತಿನ ಗಾಡಿಗಳು ಬಿಡುತ್ತಿದ್ದವು. ಗಾಡಿಗಳು ಊರಿನ ಪ್ರಕಾರ ಸಾಲಾಗಿ ನಿಲ್ಲಬೇಕು. ಒಂದೇ ಊರಿನ ಎತ್ತುಗಳಿಗೆ ಒಂದರ ಗುರುತು ಒಂದಕ್ಕಿರುತ್ತದೆ, ಹಾಯುವುದಿಲ್ಲ. ಸಂತೆ ಮುಗಿಸಿದವರು ತಮ್ಮ ಸಾಲಿಗೆ ಬಂದು ಕೂತರೆ ಮಾತಿಗೆ ಜನ, ಬುತ್ತಿಗೆ ಜೊತೆ. ಟಾಂಗಾಕ್ಕೆ ಗಿರಾಕಿ ಇಲ್ಲದ ಹೊತ್ತಿನಲ್ಲಿ ನಜೀರಸಾಬರು ಆ ಸಾಲುಗಳನ್ನು ನೋಡಿಕೊಳ್ಳುತ್ತಿದ್ದರು. ಕಲ್ಲಿನ ಬಾನಿಗೆ ನೀರು ತುಂಬುತ್ತಿದ್ದರು. ಎತ್ತಿನ ಗಾಡಿ ಕಡಿಮೆಯಾಗಿ ಸೈಕಲ್ಲುಗಳು ಬಂದವು. ಬಯಲಿನಲ್ಲಿ ಜಾಲಿ ಬೆಳೆಯಿತು. ಸೈಕಲ್ಲುಗಳು ಅಗಸಿಯ ಪಡಸಾಲೆಗೆ ಸೇರಿದವು, ಆದರೆ ಸಾಲುಗಳು ಹಾಗೆಯೇ ಉಳಿದವು. ನಜೀರಸಾಬರು ತೀರಿಕೊಂಡ ಮೇಲೆ ಚಾಚಿ ಆ ಕಟ್ಟೆಯ ಮೇಲೆ ಕೂತರು. ಮಗ ಮುಸ್ತಾಕ ಎದುರಿಗೇ ಪಂಕ್ಚರ್ ಅಂಗಡಿ ಇಟ್ಟಿದ್ದ.

ಊರುಗಳ ನಡುವಿನ ಸ್ನೇಹ, ಮುನಿಸು ಎಲ್ಲ ಆ ಪಡಸಾಲೆಯಲ್ಲಿ ಕಾಣುತ್ತಿತ್ತು. ಯಳವತ್ತಿಯ ಕಡೆಯವರಿಗೂ ಇನ್ನೊಂದು ಊರಿನವರಿಗೂ ಹೊಲದ ದಾರಿಯ ಮೇಲೆ ಮಾತು ಬೆಳೆದ ವರ್ಷ, ಆ ಎರಡು ಸಾಲುಗಳ ನಡುವೆ ಚಾಚಿ ದೊಡ್ಡೂರಿನ ಸಾಲನ್ನು ತಂದು ನಿಲ್ಲಿಸಿದರು. "ನೀವು ಎಲ್ಲಾರ ಕೂಡ ಜಗಳ ಆಡ್ತೀರಿ. ಅದಕ್ಕ ನಿಮಗ ಯಾರ ಕೂಡನೂ ವಿಶೇಷ ವೈರ ಇಲ್ಲ," ಎಂದು ನನಗೆ ಕಾರಣ ಹೇಳಿದರು.

ಬಸ್ ಸ್ಟ್ಯಾಂಡಿನಿಂದ ಪೇಟೆಗೆ ಬರುವಾಗ ಅಗಸಿಗೆ ಸ್ವಲ್ಪ ಮೊದಲು, ಎಡಕ್ಕೆ ಹುಚ್ಚೀರಪ್ಪನವರ ಮನೆ. ಒಕ್ಕಲುತನದ ಹಳೆಯ ಮನೆ, ರಸ್ತೆಗೆ ಮುಖ ಮಾಡಿದ ಉದ್ದನೆಯ ಕಟ್ಟೆ. ಹುಚ್ಚೀರಪ್ಪ ಚಾಚಿಯನ್ನು ತಂಗಿ ಎನ್ನುತ್ತಿದ್ದರು. ಅವರ ಹೆಂಡತಿ ಹುಚ್ಚವ್ವ ಚಾಚಿಗೆ ವೈನಿ. ಮಧ್ಯಾಹ್ನದ ಚಹಾ ಹುಚ್ಚವ್ವನ ಮನೆಯದು. ಸಂಜೆಯದು ಮುಸ್ತಾಕನ ಅಂಗಡಿಗೆ ಬರುವ ಚಹಾ, ಅದರಲ್ಲಿ ಅರ್ಧ ಹುಚ್ಚವ್ವನಿಗೆ.

ಅಗಸಿಯ ಬಲಗೋಡೆಯ ಹೊರಗೆ, ಬಯಲಿಗೆ ತಾಗಿ ಮೊಳಕಾಲೆತ್ತರದ ಕಲ್ಲೊಂದಿತ್ತು. ಸುಣ್ಣ, ಕೆಮ್ಮಣ್ಣು, ಎಣ್ಣೆ, ಕುಂಕುಮ ಪದರ ಪದರವಾಗಿ ಮೆತ್ತಿ ಅದರ ತಲೆ ಉಂಡೆಯಾಗಿ ಹೋಗಿತ್ತು. ಅದು ಕರಿಗಲ್ಲು, ಊರು ಕಟ್ಟಿದ ದಿನ ನೆಟ್ಟ ಕಲ್ಲು ಎಂದು ಎಲ್ಲರೂ ಹೇಳುತ್ತಿದ್ದರು. ಕಾರಹುಣ್ಣಿಮೆಯ ಸಂಜೆ, ಬಣ್ಣ ಹಚ್ಚಿದ ಎತ್ತುಗಳು ಬೇವಿನ ತೋರಣ ಹರಿದು ಅಗಸಿಯೊಳಗೆ ಓಡುವ ಮೊದಲು ಆ ಕಲ್ಲಿಗೆ ಕಾಯಿ ಒಡೆಯುತ್ತಿದ್ದರು. ದಿನವೂ ಬೆಳಿಗ್ಗೆ ಅದಕ್ಕೆ ನೀರು ಹಾಕುವವರು ಹುಚ್ಚವ್ವ. ಅತ್ತೆ ವಹಿಸಿಕೊಟ್ಟ ಕೆಲಸ, ಒಂದು ದಿನವೂ ತಪ್ಪಿಸಿದವರಲ್ಲ.

ಹೊಸ ಜಿಲ್ಲೆ ಬಂದ ಮೇಲೆ ಓಡಾಟ ಹೆಚ್ಚಿತು. ಕಚೇರಿ ಕೆಲಸಕ್ಕೆ ಧಾರವಾಡದವರೆಗೆ ಹೋಗುತ್ತಿದ್ದವರು ಗದಗಿಗೆ ಹೋಗಿ ಮಧ್ಯಾಹ್ನಕ್ಕೆ ತಿರುಗಿ ಬರತೊಡಗಿದರು. ಹಳ್ಳಿಗಳಲ್ಲಿ ಮೋಟರ್ ಸೈಕಲ್ಲು ಹೆಚ್ಚಿದವು. ಜೀಪು, ಟೆಂಪೋ ಬಂದವು. ಅಗಸಿಯಲ್ಲಿ ಒಂದು ಟೆಂಪೋ ಹೊಕ್ಕರೆ ಎದುರಿನ ಗಾಡಿ ಬಸ್ ಸ್ಟ್ಯಾಂಡಿನವರೆಗೆ ಹಿಂದೆ ಸರಿಯಬೇಕು. ಒಮ್ಮೆ ಲಗ್ನದ ಟೆಂಪೋ ಕಮಾನಿನಡಿ ಸಿಕ್ಕಿಕೊಂಡು, ಮದುಮಗ ಇಳಿದು ತಾನೇ ತಳ್ಳಿದ. ಬಾಸಿಂಗ ಓರೆಯಾಗಿತ್ತು. "ಈಗಿನಿಂದನ ರೂಢಿ ಮಾಡ್ಕೊ ತಮ್ಮಾ!" ಎಂದು ಮುಸ್ತಾಕ ಅಂಗಡಿಯಿಂದ ಕೂಗಿದ.

ಪೇಟೆಯ ವ್ಯಾಪಾರಿಗಳಿಗೆ ಅಗಲವಾದ ರಸ್ತೆ ಬೇಕಿತ್ತು, ಗಾಡಿ ನಿಲ್ಲಿಸಲು ಜಾಗ ಬೇಕಿತ್ತು. ಆ ಕೆಲಸಕ್ಕೆ ಗದಗಿನಿಂದ ಸಿದ್ದರಾಮ ಎಂಬ ಎಂಜಿನಿಯರ್ ಬಂದರು. ಬಿಸಿಲಿಗೆ ಕೆಂಪಾಗುವ ಮುಖ, ಮೆತ್ತಗಿನ ಮಾತು. ಅವರು ತಂದದ್ದು ಹೊಸ ನಕ್ಷೆಯಲ್ಲ. ಸಂಸ್ಥಾನದ ಆಡಳಿತ ಮುಗಿದು ಹತ್ತು ವರ್ಷದ ಮೇಲೆ, ಧಾರವಾಡದಿಂದ ಬಂದ ಅಧಿಕಾರಿಯೊಬ್ಬರು ಊರನ್ನು ಅಳೆದು ತಯಾರಿಸಿದ್ದ ಯೋಜನೆ ಕಪಾಟಿನಲ್ಲಿ ಬಿದ್ದಿತ್ತು. ಅದರ ಪ್ರಕಾರ ಆಗಲೇ ಅಗಲ ರಸ್ತೆ ಆಗಬೇಕಿತ್ತು, ಆಗಿರಲಿಲ್ಲ. ಸಿದ್ದರಾಮ ಅವರು ಅದನ್ನು ಚಾಚಿಯ ಕಟ್ಟೆಯ ಮೇಲೇ ಬಿಚ್ಚಿ ಹರವಿದರು. ಬಟ್ಟೆಗೆ ಅಂಟಿಸಿದ ಕಾಗದ. ಮಡಿಕೆಯ ಜಾಗದಲ್ಲಿ ಹುಳ ತಿಂದು ಅಂಗೈಯಷ್ಟು ತೂತಾಗಿತ್ತು. ತೂತು ಬಿದ್ದದ್ದು ಸರಿಯಾಗಿ ಅಗಸಿಯ ಮೇಲೆ. ತೂತಿನ ಈಚೆಗೆ ರಸ್ತೆಯ ಗೆರೆ ಕಾಣುತ್ತಿತ್ತು, ಆಚೆಗೂ ಕಾಣುತ್ತಿತ್ತು. ಅವರು ಎರಡನ್ನೂ ಪಟ್ಟಿ ಇಟ್ಟು ಕೂಡಿಸಿದರು. ಗೆರೆ ಅಗಸಿಯ ನಡುವೆಯೇ ಹಾಯಿತು.

"ಅಗಸಿ ತಗೀಬೇಕಾಗತೈತಿ ಅಮ್ಮಾ," ಎಂದರು. "ಹದ್ದಿನ ಕಲ್ಲುಗಳು ಸಿಕ್ಕಿದ್ರ ಖಾತ್ರಿ ಆಗ್ತಿತ್ತು. ಒಂದೂ ಸಿಗವಲ್ದು."

ಹದ್ದಿನ ಕಲ್ಲೆಂದರೆ ಯೋಜನೆಯ ಗೆರೆ ಹಾಯುವಲ್ಲಿ ಗುರುತಿಗಾಗಿ ನೆಟ್ಟ ಕಲ್ಲು. ಅವು ಯಾರದೋ ಬಚ್ಚಲಿನಲ್ಲಿ ಬಟ್ಟೆ ಒಗೆಯುವ ಕಲ್ಲಾಗಿ, ಯಾರದೋ ಹೊಸ್ತಿಲಾಗಿ ಹೋಗಿದ್ದವು.

ಚಾಚಿ ಅವತ್ತು ಸಿದ್ದರಾಮ ಅವರ ನಕ್ಷೆ ಗಾಳಿಗೆ ಹಾರದಂತೆ ಅದರ ಮೂಲೆಯ ಮೇಲೆ ತಂಬಿಗೆ ಇಟ್ಟರು, ಅಷ್ಟೆ.

ಸುದ್ದಿ ಹಬ್ಬಿದ ಮೇಲೆ ಊರಿನವರು ಅಗಸಿಯಲ್ಲೇ ಸಭೆ ಸೇರಿದರು. ಅಗಸಿ ಬೇಡವೆನ್ನುವವರೂ ಇದ್ದರು. ಆದರೆ ಕರಿಗಲ್ಲಿನ ಮಾತು ಬಂದ ಕೂಡಲೇ ಅವರೂ ತಣ್ಣಗಾದರು. ಹಿರಿಯರಾದ ಹೇಮಪ್ಪನವರು ಎದ್ದು, "ಊರು ಹುಟ್ಟಿದ ಕಲ್ಲು ಐತಿ ಇಲ್ಲೆ. ಅದನ್ನ ಕಿತ್ತು ಮ್ಯಾಲ ಡಾಂಬರ ಹಾಕ್ತೀರೇನು?" ಎಂದು ಕೇಳಿದರು. ಸಿದ್ದರಾಮ ಅವರು ಆಗಲಿ ಎಂದು ವಾರದ ನಂತರ ಎರಡನೆಯ ಗೆರೆ ಎಳೆದುಕೊಂಡು ಬಂದರು. ಅಗಸಿಗೂ ಕಲ್ಲಿಗೂ ಕೈ ಹಚ್ಚುವುದಿಲ್ಲ. ರಸ್ತೆಯನ್ನು ಎಡಕ್ಕೆ ಸರಿಸುವುದು. ಹಾಗೆ ಮಾಡಿದರೆ ಹುಚ್ಚೀರಪ್ಪನವರ ಮನೆಯ ಕಟ್ಟೆ, ಪಡಸಾಲೆ ಹೋಗುತ್ತವೆ. ಬಲಕ್ಕೆ ಸರಿಸಿ ಎಂದು ಒಬ್ಬಿಬ್ಬರು ಹೇಳಿದರು. ಆದರೆ ಆ ಜಾಲಿಯ ಬಯಲು ಯಾವುದೋ ದೇಸಾಯರ ಇನಾಮು, ಮುಟ್ಟಿದರೆ ಕೋರ್ಟಿಗೆ ಹೋಗುತ್ತದೆ ಎಂಬ ಮಾತು ಊರಲ್ಲಿ ಬಹಳ ಹಳೆಯದು. ಬಯಲು ನಿಜವಾಗಿ ಯಾರದೆಂದು ಯಾರೂ ಹೇಳಲಾರರು.

ಎಲ್ಲರೂ ಹುಚ್ಚೀರಪ್ಪನವರ ಮುಖ ನೋಡಿದರು. ಅವರು ಬೀಡಿ ಆರಿಸಿ, "ಆತು, ತಗೋರಿ," ಎಂದರು. ಹುಚ್ಚವ್ವ ಅಗಸಿಯ ಬಾಗಿಲಲ್ಲಿ ನಿಂತು ಗಂಡನನ್ನು ದಿಟ್ಟಿಸಿದರು. ಆದರೆ ಕರಿಗಲ್ಲು ಉಳಿಯುತ್ತದೆಂದು ಅವರೂ ಒಪ್ಪಿದರು.

ಮರುದಿನ ಸೈಕಲ್ ಬಿಡಲು ಬಂದವರೆಲ್ಲ ಚಾಚಿಗೆ ಶುಭ ಹೇಳಿದವರೇ. "ನಿನ್ನ ಅಗಸಿ ಉಳೀತು ನೋಡು ಚಾಚಿ!" ಚಾಚಿ ಹೂಂ ಎನ್ನುತ್ತಿದ್ದರು. ಅವರು ಆ ದಿನ ಗೊಜನೂರಿನ ಒಂದು ಸೈಕಲ್ಲನ್ನು ಸೂರಣಗಿಯ ಸಾಲಿನಲ್ಲಿ ನಿಲ್ಲಿಸಿಬಿಟ್ಟಿದ್ದರು. ಮೊದಲೆಂದೂ ಹಾಗೆ ಆದದ್ದನ್ನು ಯಾರೂ ಕಂಡಿರಲಿಲ್ಲ. ಸಂಜೆ ನಾನು ಬಂದಾಗ ಮುಸ್ತಾಕ ತಾಯಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದ.

"ಸುಮ್ಮನಿರು ಅಮ್ಮಾ. ನಿನ್ನ ಯಾರರೆ ಕೇಳ್ಯಾರೇನು?"

"ಯಾರೂ ಕೇಳಿಲ್ಲ."

"ಮತ್ತ? ಅಗಸಿ ಹೋದ್ರ ನೀ ಎಲ್ಲಿ ಕುಂಡ್ರಾಕಿ? ನನ್ನ ಪಂಪಿನ ಮ್ಯಾಲ?"

"ನಾ ಎಲ್ಲೆರೆ ಕುಂಡ್ರತೀನಿ. ಆ ಕಟ್ಟಿ ಮುರದ್ರ ಯಣ್ಣಾ ಎಲ್ಲಿ ಕುಂಡ್ರಬೇಕು?" ಎಂದು ಚಾಚಿ ಎದ್ದರು. ನನ್ನ ಕಡೆ ತಿರುಗಿ, "ನೀನೂ ಬಾ ಯವ್ವಾ. ಒಬ್ಬಾಕಿನ ಹೋದ್ರ ನನಗ ಮಾತ ಬರೂದಿಲ್ಲ," ಎಂದರು.

ಹುಚ್ಚವ್ವ ಪಡಸಾಲೆಯಲ್ಲಿ ಚಹಾ ಸೋಸುತ್ತಿದ್ದರು. ಹುಚ್ಚೀರಪ್ಪ ಒಳಗೆ ಹೊರಸಿನ ಮೇಲೆ ಮಲಗಿದ್ದರು. ಚಾಚಿ ಕಂಬಕ್ಕೆ ಒರಗಿ ಕೂತು ಸೆರಗು ಸರಿಮಾಡಿಕೊಂಡರು.

"ವೈನಿ, ಒಂದು ಮಾತು ಹೇಳ್ತೀನಿ. ಸಿಟ್ಟಾಗಬ್ಯಾಡ್ರಿ."

"ಸಿಟ್ಟಾಗೋ ಮಾತಿದ್ರ ಚಾ ಕುಡದು ಹೇಳು. ಬಿಸಿ ಐತಿ."

"ಆ ಕಲ್ಲು ಕರಿಗಲ್ಲಲ್ಲ. ನಮ್ಮವರ ಟಾಂಗಾದಾಗ ಬಂದದ್ದು. ಧಾರವಾಡದ ಸಾಹೇಬ ಹದ್ದಿಗೆ ಹಾಕಿಸಿದ್ದು. ನಾ ಲಗ್ನಾಗಿ ಬಂದ ವರ್ಷ. ಕುದರಿ ಬಾಯಾಗ ನೊರಿ ಬಂದಿತ್ತು, ಅದಕ್ಕ ನೀರು ಕುಡಿಸಿದಾಕಿ ನಾನ. ಅಗಸಿ ಹೋಗತೈತಿ, ಅದರ ಗುರತಿಗೆ ಕಲ್ಲ ಹಾಕ್ಯಾರ ಅಂತ ನಮ್ಮವರು ಅವತ್ತ ಹೇಳಿದ್ರು."

ಹುಚ್ಚವ್ವನ ಕೈಯಲ್ಲಿಯ ಚಹಾದ ಬಸಿ ಅಲ್ಲೇ ನಿಂತಿತು. ಚಾಚಿ ನಿಲ್ಲಿಸಲಿಲ್ಲ.

"ಸರಕಾರದ ಕಲ್ಲಂತ ಗೊತ್ತಾದ್ರ ಅಗಸಿ ತಗ್ಯಾಕ ಅಡ್ಡಿ ಇಲ್ಲ. ಅದನ್ನ ತಗೀತಾರ, ನಿಮ್ಮ ಮನಿ ಉಳೀತೈತಿ. ನಾಳೆ ಸಾಹೇಬ್ರಿಗೆ ಹೇಳಿ ಬರ್ತೀನಿ. ಮೊದಲ ನಿಮ್ಮ ಮುಂದ ಹೇಳಬೇಕಲ್ಲ."

ಒಳಗಿನಿಂದ ಹುಚ್ಚೀರಪ್ಪ ಕೆಮ್ಮಿದರು.

"ಹೇಳಬ್ಯಾಡ ತಂಗಿ. ನನಗ ಗೊತ್ತೈತಿ ಅದು. ಆ ಕಲ್ಲಿನ ಗುಂಡಿ ತೋಡಿದಾಂವ ನಾನ."

ಹುಚ್ಚವ್ವ ಬಸಿಯನ್ನು ನೆಲಕ್ಕಿಟ್ಟು, ಎದ್ದು, ಗಂಡನ ಹೊರಸಿನ ಮುಂದೆ ಹೋಗಿ ನಿಂತರು.

"ಏನಂದಿ?"

"ಗುಂಡಿ ನಾನ ತೋಡಿದ್ದು ಅಂದೆ."

"ನಲವತ್ತು ವರ್ಷ ನಾ ಥಂಡ್ಯಾಗ ಎದ್ದು ನೀರು ಹಾಕೊಂತ ಬಂದೀನಿ. ನೀ ಕಟ್ಟಿ ಮ್ಯಾಲ ಕುಂತು ಬೀಡಿ ಸೇದಕೊಂತ ನೋಡಿದಿ?"

"ನೀ ಸೊಸಿಯಾಗಿ ಬರೂದರಾಗ ನಮ್ಮವ್ವ ಅದಕ್ಕ ಕುಂಕುಮ ಹಚ್ಚಿ ಆಗಿತ್ತು ಲೇ. ಆ ವರ್ಷ ಕಾರಹುಣ್ಣಿಮಿಗೆ ಎತ್ತು ಯಾರನ್ನೂ ಹಾಯಲಿಲ್ಲ, ಮಳೀನೂ ಛಲೋ ಆತು. ಕಲ್ಲಿನ ಗುಣ, ಕರಿಗಲ್ಲ ಇದು ಅಂದ್ಲು. ಊರವರೂ ಹಂಗ ಅಂದ್ರು. ಅವ್ವಗ ಹೇಳೋ ಧೈರ್ಯ ನನಗ ಇರಲಿಲ್ಲ. ಆಮ್ಯಾಲ ನೀ ಬಂದಿ. ನಿನಗ ಹೇಳೋ ಧೈರ್ಯ ಮೊದಲ ಇರಲಿಲ್ಲ."

"ಮತ್ತ ಮನಿ ಮುರೀತೀವಿ ಅಂದಾಗ ಯಾಕ ಹೂಂ ಅಂದಿ?"

"ಕಟ್ಟಿ ಹೋದ್ರ ಹೊರಸು ಹಾಕ್ಕೊಂಡು ಕುಂಡ್ರಬಹುದು. ಅಗಸಿ ಹೋದ್ರ ಈಕಿ ಅಷ್ಟು ಊರಿನ ಗಾಡಿ ಎಲ್ಲಿ ನಿಲ್ಲಸ್ತಾಳ?"

ಚಾಚಿ ತಣ್ಣಗಾಗುತ್ತಿದ್ದ ಚಹಾವನ್ನು ಎತ್ತಿ ಕುಡಿದರು. ಕುಡಿದು ಮುಗಿಸಿದ ಮೇಲೂ ಬಸಿಯನ್ನು ಬಾಯಿಯಿಂದ ಇಳಿಸಲಿಲ್ಲ. ಸೆರಗಿನ ಮರೆಯಲ್ಲಿ ಅವರು ಅಳುತ್ತಿದ್ದಾರೋ ನಗುತ್ತಿದ್ದಾರೋ ನನಗೆ ತಿಳಿಯಲಿಲ್ಲ.

"ಎರಡ ಸಲ ತೋಡಿಸಿದ ಆ ಸಾಹೇಬ," ಎಂದು ಹುಚ್ಚೀರಪ್ಪ ಹಳೆಯ ಸಿಟ್ಟನ್ನು ತೆಗೆದರು. "ಮೊದಲ ಅಗಸಿ ಬಾಗಲಾಗ ತೋಡು ಅಂದ. ತೋಡಿದೆ. ಆಮ್ಯಾಲ ಅದರ ನೆರಳಾಗ ಕುಂತು ರೊಟ್ಟಿ ತಿಂದ. ಮ್ಯಾಲ ಕಮಾನು ನೋಡಿದ, ಮತ್ತ ನೋಡಿದ. ಕೈ ತೊಳಕೊಂಡು ಬಂದು, ಇದನ್ನ ಮುಚ್ಚು, ಹೊರಗ ತೋಡು ಅಂದ. ನನ್ನ ರಟ್ಟಿ ಬಿದ್ದು ಹೋಗಿದ್ವು."

ಹುಚ್ಚವ್ವ ಇದಾವುದನ್ನೂ ಕೇಳಿಸಿಕೊಳ್ಳುತ್ತಿರಲಿಲ್ಲ. ಅವರು ತಮ್ಮ ತೀರ್ಮಾನಕ್ಕೆ ಬಂದಿದ್ದರು.

"ಕಲ್ಲು ಸರಕಾರದ್ದಾದ್ರ ಸರಕಾರಕ್ಕ ಹೇಳೂಣು. ಒಬ್ಬರಿಗೊಬ್ಬರು ಮುಚ್ಚಿಕೊಂಡು ಎಷ್ಟು ದಿನ ಕುಂಡ್ರತೀರಿ? ಆದ್ರ ಅದು ದೇವರಲ್ಲ ಅಂತ ಯಾರರೆ ಅಂದ್ರ ನೋಡ್ರಿ ಮತ್ತ. ಇಷ್ಟು ವರ್ಷ ನನ್ನ ಕೈಯಾಗ ಎಣ್ಣಿ ತಿಂದೈತಿ. ಇನ್ನ ದೇವರಾಗಲಾರದ ಅದು ಮತ್ತೇನಾಗತೈತಿ?"

ಮಾರನೆಯ ದಿನ ಮೂವರೂ ಕೂಡಿ ಸಿದ್ದರಾಮ ಅವರಿಗೆ ಹೇಳಿದರು. ಅವರು ಮೊದಲು ನಂಬಲಿಲ್ಲ. ನಂಬಿದ ಮೇಲೆ ಕೈಕೆಳಗಿನವನನ್ನು ಕರೆದು ಉಳಿ, ಸುತ್ತಿಗೆ ತರಲು ಹೇಳಿದರು. ಹುಚ್ಚವ್ವ ಅಡ್ಡ ಬಂದು ನಿಂತರು.

"ಕೈ ಹಚ್ಚಬ್ಯಾಡ್ರಿ. ಎರಕೊಳ್ಳಲಿ ಅದು."

ಹಂಡೆಯಲ್ಲಿ ನೀರು ಕಾಯಿತು. ಸೀಗೆಪುಡಿ ಬಂತು. ಮಗುವಿಗೆ ಎರೆಯುವಂತೆ ಹುಚ್ಚವ್ವ ಆ ಕಲ್ಲಿಗೆ ಬಿಸಿನೀರು ಸುರಿದು ತೆಂಗಿನ ನಾರಿನಿಂದ ತಿಕ್ಕಿದರು. ಚಾಚಿ ತಂಬಿಗೆಯಿಂದ ನೀರು ಹಾಕುತ್ತಿದ್ದರು. ಸುಣ್ಣದ ಪದರಗಳು ಮೊಟ್ಟೆಯ ಸಿಪ್ಪೆಯಂತೆ ಬಿಟ್ಟುಕೊಂಡವು. ಸುತ್ತಲೂ ಜನ ಸೇರಿತ್ತು. ಹೇಮಪ್ಪನವರು ಮುಖ ಗಂಟಿಕ್ಕಿಕೊಂಡು ನಿಂತಿದ್ದರು. ಕೊನೆಗೆ ಕಲ್ಲಿನ ತಲೆ ಕಂಡಿತು. ಚಪ್ಪಟೆಯಾಗಿ ಕಡೆದ ತಲೆ. ಅದರ ಮೇಲೆ ಎರಡು ಗೆರೆ, ಎರಡರ ತುದಿಗೂ ಬಾಣದ ಗುರುತು. ಆ ಗೆರೆಗಳು ಒಂದರ ಮುಂದೊಂದು ನೇರವಾಗಿರಲಿಲ್ಲ. ಮಡಚಿದ ಮೊಣಕೈಯಂತೆ ನಡುವೆ ಕೂಡಿದ್ದವು.

ಸಿದ್ದರಾಮ ಅವರು ಒದ್ದೆ ನೆಲದಲ್ಲೇ ಮೊಣಕಾಲೂರಿ, ಪೆನ್ಸಿಲನ್ನು ಒಂದು ಗೆರೆಯ ಮೇಲೆ ಇಟ್ಟು ಅದರ ದಿಕ್ಕು ನೋಡಿದರು. ಅದು ಬಸ್ ಸ್ಟ್ಯಾಂಡಿನ ಕಡೆ ಇತ್ತು. ಇನ್ನೊಂದರ ಮೇಲೆ ಇಟ್ಟರು. ಅದು ಅಗಸಿಯ ಕಡೆ ಇರಲಿಲ್ಲ. ಜಾಲಿ ಬೆಳೆದ ಬಯಲಿನ ಕಡೆ ಇತ್ತು.

"ಇದು ತಿರುವಿನ ಕಲ್ಲು," ಎಂದರು. ಅವರ ಮುಖ ಬಿಸಿಲಿಲ್ಲದೆಯೂ ಕೆಂಪಾಗಿತ್ತು. "ಅವರು ರಸ್ತಾ ನೇರ ಹಾಕಿಲ್ಲ. ಇಲ್ಲಿಗೆ ತಂದು, ಬಯಲಿನಾಗ ಹಾಯಿಸಿ, ಅಗಸೀನ ಸುತ್ತಿ ಒಯ್ದಾರ. ತೂತು ಬಿದ್ದ ಜಾಗಾದಾಗ ಈ ತಿರುವ ಇತ್ತು. ನಾನು ನೇರ ಕೂಡಿಸಿಬಿಟ್ಟೆ."

"ಅಂದ್ರ ಅಗಸಿ?" ಎಂದು ಚಾಚಿ ಕೇಳಿದರು.

"ಅಗಸಿ ಇರತೈತಿ ಅಮ್ಮಾ."

"ಯಣ್ಣನ ಕಟ್ಟಿ?"

"ಅದೂ ಇರತೈತಿ."

ಚಾಚಿ ತಂಬಿಗೆ ಹಿಡಿದುಕೊಂಡೇ ನೆಲದ ಮೇಲೆ ಕೂತುಬಿಟ್ಟರು. ಹುಚ್ಚೀರಪ್ಪ ಮುಂದೆ ಬಂದು ಕಲ್ಲಿನ ಗೆರೆಗಳನ್ನು ಬಗ್ಗಿ ನೋಡಿದರು.

"ಇದಕ್ಕ ಎರಡ ಸಲ ತೋಡಿಸಿದ್ನೇನು ಮಾರಾಯಾ! ಅವತ್ತ ಒಂದು ಮಾತು ಹೇಳಿದ್ರ ಇಷ್ಟು ವರ್ಷ ಬೈತಿದ್ದಿಲ್ಲ ಅವನ್ನ."

ಜನ ನಕ್ಕರು. ಹೇಮಪ್ಪನವರೂ ನಕ್ಕರು. ಹುಚ್ಚವ್ವ ಮಾತ್ರ ನಗದೆ, ಒದ್ದೆ ಕಲ್ಲನ್ನು ಸೆರಗಿನಿಂದ ಒರೆಸಿ, ಬಾಣದ ಗುರುತು ಮುಚ್ಚದಂತೆ ಬದಿಗೆ ಒಂದು ಬೊಟ್ಟು ಕುಂಕುಮ ಇಟ್ಟರು.

ಅಷ್ಟಕ್ಕೇ ಕೆಲಸ ಮುಗಿಯಲಿಲ್ಲ. ಬಯಲು ಇನಾಮಿನದಲ್ಲ, ಗಾಡಿ ನಿಲ್ಲಿಸಲೆಂದು ಊರಿಗೆ ಬಿಟ್ಟ ಜಾಗ ಎಂಬುದನ್ನು ಹಳೆಯ ಭೂಮಾಪನದ ದಾಖಲೆಗಳಿಂದ ಖಾತ್ರಿ ಮಾಡಿಕೊಳ್ಳಲು ಸಿದ್ದರಾಮ ಅವರು ಹಲವು ಸಲ ಧಾರವಾಡಕ್ಕೆ ಹೋಗಿಬಂದರು. ನಾನು ಮೂರನೆಯ ವರ್ಷದ ಪರೀಕ್ಷೆಗೆ ಕೂರುವ ಹೊತ್ತಿಗೆ ಜಾಲಿ ಕಡಿದಿದ್ದರು. ಪದವಿಯ ಫಲಿತಾಂಶ ಬಂದ ದಿನ ಚಾಚಿಗೆ ಪೇಢೆ ಕೊಡಲು ಹೋದಾಗ ರಸ್ತೆಗೆ ಜಲ್ಲಿ ಹಾಸುತ್ತಿದ್ದರು. ಜಾಲಿಯ ಅಡಿಯಲ್ಲಿ ನಜೀರಸಾಬರು ನೀರು ತುಂಬುತ್ತಿದ್ದ ಕಲ್ಲಿನ ಬಾನಿ ಒಡೆಯದೆ ಸಿಕ್ಕಿತ್ತು. ಚಾಚಿ ಅದರ ದಂಡೆಯ ಮೇಲೆ ಕೂತೇ ಪೇಢೆ ತಿಂದರು. "ಸಕ್ರಪ್ಪ ಜಗಳಾ ಬಿಟ್ನೋ ಇಲ್ಲೋ?" ಎಂದು ಕೇಳಿದರು. ಇಲ್ಲವೆಂದೆ.

ರಸ್ತೆಗೆ ಬಿಟ್ಟು ಉಳಿದ ಬಯಲಿನಲ್ಲಿ ಗಾಡಿ ನಿಲ್ಲಿಸುವ ಜಾಗವನ್ನು ನೋಡಿಕೊಳ್ಳುವ ಕೆಲಸ ಚಾಚಿಗೇ ಸಿಕ್ಕಿತು. ಎರಡು ಚಕ್ರದವು, ನಾಲ್ಕು ಚಕ್ರದವು ಎಂದು ಬಿಳಿ ಬಣ್ಣದ ಪಟ್ಟೆ ಬಳಿದರು. ಚಾಚಿ ಪಟ್ಟೆಗಳನ್ನು ಒಪ್ಪಿಕೊಂಡರು, ಆದರೆ ಪಟ್ಟೆಗಳೊಳಗೆ ಸಾಲು ಊರಿನ ಪ್ರಕಾರವೇ. ಒಮ್ಮೆ ಸಿದ್ದರಾಮ ಅವರೇ ಜೀಪು ತಂದು ಎಲ್ಲೋ ನಿಲ್ಲಿಸಿ ಇಳಿದರು.

"ಸಾಹೇಬ್ರ, ಅದು ಬಾಲೇಹೊಸೂರ ಸಾಲು."

"ನಂದು ಗದಗ ಅಮ್ಮಾ. ಗದಗಿಗೆ ಸಾಲು ಎಲ್ಲೈತಿ?"

"ಇರಲಿಲ್ಲ. ಈಗ ಜಿಲ್ಲಾ ಆಗೇತಲ್ಲ, ಬೇವಿನ ಗಿಡದ ಕಡೆ ಒಂದು ಹಾಕೇನಿ. ಅಲ್ಲಿ ಹಚ್ರಿ."

ಅವರು ಜೀಪನ್ನು ಹಿಂದಕ್ಕೆ ತೆಗೆದು ಬೇವಿನ ಗಿಡದ ಕೆಳಗೆ ಹಚ್ಚಿದರು. ಸಂಜೆ ಹೊರಡುವಾಗ ಜೀಪಿನ ಕನ್ನಡಿಗೆ ಕೆಂಪು ಚಿಂದಿ ಕಟ್ಟಿತ್ತು. ಬೆಟಗೇರಿಯ ನೇಕಾರರೊಬ್ಬರಿಗೆ ಮುಟ್ಟಿಸಬೇಕಾದ ಕನ್ನಡಕವೊಂದು ಅವರ ಜೊತೆ ಹೋಯಿತು.

ನಾನು ಈಗ ಮುಂಡರಗಿಯ ಶಾಲೆಯಲ್ಲಿ ಕಲಿಸುತ್ತೇನೆ. ರಜೆಯಲ್ಲಿ ಊರಿಗೆ ಹೋಗುವಾಗ ಲಕ್ಷ್ಮೇಶ್ವರದಲ್ಲಿ ಇಳಿಯುತ್ತೇನೆ. ಬಸ್ಸುಗಳು, ಟೆಂಪೋಗಳು ಅಗಸಿಯನ್ನು ಸುತ್ತಿಕೊಂಡು ಹೋಗುತ್ತವೆ. ಕಮಾನಿನಡಿ ಜನ ನಡೆದು ಹೋಗುತ್ತಾರೆ, ಕಾರಹುಣ್ಣಿಮೆಗೆ ಎತ್ತುಗಳು ಓಡುತ್ತವೆ. ಹುಚ್ಚೀರಪ್ಪನವರು ತಮ್ಮ ಕಟ್ಟೆಯ ಮೇಲೆ ಇರುತ್ತಾರೆ. ಹುಚ್ಚವ್ವ ಈಗಲೂ ಬೆಳಿಗ್ಗೆ ಕಲ್ಲಿಗೆ ನೀರು ಹಾಕುತ್ತಾರೆ. ಬಾಣದ ಗುರುತಿನ ಮೇಲೆ ಸುಣ್ಣ ಹಚ್ಚುವುದನ್ನು ಮಾತ್ರ ಬಿಟ್ಟಿದ್ದಾರೆ.

ಅಮೀನಬಿ ಚಾಚಿ ಬೆಳಿಗ್ಗೆ ಬಾನಿಗೆ ನೀರು ತುಂಬಿ, ಬಯಲು ಗುಡಿಸಿ, ಬಂದ ಗಾಡಿಗಳನ್ನು ಅವುಗಳ ಊರಿನ ಸಾಲಿನಲ್ಲಿ ನಿಲ್ಲಿಸಿಕೊಳ್ಳುತ್ತಾರೆ. ಮಧ್ಯಾಹ್ನ ಅಗಸಿಯ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಾರೆ. ಸಂಜೆ ಕೊನೆಯ ಗಾಡಿ ಊರಿಗೆ ಹೊರಟ ಮೇಲೆ ಮನೆಗೆ ಹೋಗುತ್ತಾರೆ.